ರಕ್ಷಕರ ಕಾಲಂ: ಒಂಟಿಯಾಗಿ ಬಂದ ಮಗುವನ್ನು ಕಾಸರಗೋಡಿನ ಶಾಲೆಗೆ ಸೇರಿಸುವ ದಾರಿ

ಕರ್ನಾಟಕದ ಶಾಲೆಗಳಲ್ಲಿ ಪಾಲಕರು, ಪೋಷಕರು ಎನ್ನುತ್ತಾರೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಆ ಜಾಗದಲ್ಲಿರುವ ಮಾತು ‘ರಕ್ಷಕರು’. ಪ್ರವೇಶ ಅರ್ಜಿಯಲ್ಲಿ ರಕ್ಷಕರ ಹೆಸರು, ಪ್ರಗತಿಪತ್ರದಲ್ಲಿ ರಕ್ಷಕರ ಸಹಿ, ಆಗಾಗ ರಕ್ಷಕರ ಸಭೆ. ಅಪ್ಪ ಅಮ್ಮ ಜತೆಗಿರುವ ಮಗುವಿಗೆ ಅದು ಬರಿಯ ಒಂದು ಕಾಲಂ. ಯಾರೂ ಜತೆಗಿಲ್ಲದೆ ಬಂದ ಮಗುವಿನ ಅರ್ಜಿ ತುಂಬಿಸಲು ಕುಳಿತಾಗ ಪೆನ್ನು ನಿಲ್ಲುವುದು ಅಲ್ಲೇ. ಇಂಥ ಮಕ್ಕಳ ಜತೆ ರೈಲ್ವೆ ಸ್ಟೇಷನ್ನಿನಿಂದ ಮಕ್ಕಳ ಕಲ್ಯಾಣ ಸಮಿತಿಗೆ, ಸಮಿತಿಯಿಂದ ಮಕ್ಕಳ ಮನೆಗೆ (ಬಾಲಮಂದಿರಕ್ಕೆ), ಅಲ್ಲಿಂದ ಶಾಲೆಗೆ ಓಡಾಡಿದವರೆಲ್ಲ ಒಪ್ಪುವ ಮಾತೊಂದಿದೆ. ಮಗುವನ್ನು ಶಾಲೆಗೆ ಸೇರಿಸಲು ಕಾನೂನು ಪೂರ್ತಿ ಮಗುವಿನ ಕಡೆಗಿದೆ, ಆ ಕೆಲಸ ಆಗಿಯೇ ಆಗುತ್ತದೆ. ಸೇರಿದ ಮಗು ಮೂರನೆಯ ತಿಂಗಳಲ್ಲೂ ಬೆಂಚಿನಲ್ಲಿ ಕುಳಿತಿರಬೇಕಾದರೆ ಮಾತ್ರ ಆ ಕಾಲಂನಲ್ಲಿ ಬರೆದ ಹೆಸರಿನ ಮನುಷ್ಯ ನಿಜವಾಗಿ ಇರಬೇಕು.

ನಮ್ಮ ಜಿಲ್ಲೆಗೆ ಒಂಟಿಯಾಗಿ ಬರುವ ಕನ್ನಡದ ಮಕ್ಕಳು ಹೆಚ್ಚಾಗಿ ಘಟ್ಟದ ಮೇಲಿನವರು: ಕೊಪ್ಪಳ, ಗದಗ, ಬಾಗಲಕೋಟೆ, ರಾಯಚೂರು, ವಿಜಯಪುರದ ಕಡೆಯವರು. ಕೆಲವರು ಊರಿನ ಮೇಸ್ತ್ರಿಯ ಜತೆ ಕೆಂಪುಕಲ್ಲಿನ ಕೋರೆಗೋ ಕಟ್ಟಡದ ಕೆಲಸಕ್ಕೋ ಹೋಟೆಲಿಗೋ ಬಂದವರು. ಕೆಲವರು ಮನೆಯಲ್ಲಿ ಜಗಳವಾಗಿ ಸಿಕ್ಕಿದ ರೈಲು ಹತ್ತಿದವರು. ತಾಯಿ ತಂದೆ ಇಲ್ಲೇ ದುಡಿಯುತ್ತಿದ್ದು, ಅವರು ಬೇರೆ ಜಿಲ್ಲೆಗೆ ಕೆಲಸ ಹುಡುಕಿಕೊಂಡು ಹೋದಾಗ ಹಿಂದೆ ಉಳಿದವರೂ ಇದ್ದಾರೆ. ಹಲವು ಮಕ್ಕಳಿಗೆ ತಾವು ರಾಜ್ಯ ದಾಟಿದ್ದೇ ಗೊತ್ತಿರುವುದಿಲ್ಲ. ಬೋರ್ಡುಗಳಲ್ಲಿ ಕನ್ನಡ ಕಾಣುತ್ತದೆ, ಅಂಗಡಿಯವರು ಕನ್ನಡದಲ್ಲಿ ಮಾತನಾಡುತ್ತಾರೆ, ಹಾಗಾಗಿ ಇದು ಮಂಗಳೂರೇ ಎಂದುಕೊಂಡಿರುತ್ತವೆ. ಗಡಿಯ ತಲಪಾಡಿಯ ಈಚೆಗೆ ಬಂದ ಕೂಡಲೇ ಕಾಗದಪತ್ರದ ಭಾಷೆ, ತರಗತಿಗಳ ಲೆಕ್ಕ, ರಜೆಗಳ ಲೆಕ್ಕ ಎಲ್ಲ ಬದಲಾಗಿದೆ ಎಂಬುದು ಮಗುವಿಗೆ ಅರ್ಥವಾಗುವುದು ಶಾಲೆಗೆ ಸೇರಿದ ಮೇಲೆ.

ಮೊದಲ ದಿನದ ಕೆಲಸವನ್ನು ಕಾನೂನೇ ಹೇಳಿಕೊಡುತ್ತದೆ. ಒಂಟಿ ಮಗು ಕಂಡರೆ 1098ಕ್ಕೆ ಕರೆ ಮಾಡಬೇಕು, ಇಲ್ಲವೇ ರೈಲ್ವೆ ಪೊಲೀಸರಿಗೋ ಹತ್ತಿರದ ಠಾಣೆಗೋ ತಿಳಿಸಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪ್ರಯಾಣಕ್ಕೆ ಬೇಕಾದ ಸಮಯ ಬಿಟ್ಟು 24 ಗಂಟೆಗಳ ಒಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಸಮಿತಿ ಅದು. ಸಮಿತಿ ಕುಳಿತಿಲ್ಲದ ಹೊತ್ತಿನಲ್ಲಿ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಕರುಣೆಯಿಂದ ಮಗುವನ್ನು ನಾಲ್ಕು ದಿನ ತಮ್ಮ ಮನೆಯಲ್ಲೇ ಇಟ್ಟುಕೊಂಡು ಆಮೇಲೆ ತಿಳಿಸುವವರು ಇದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ತಿಳಿಸದಿರುವುದು ಕಾನೂನಿನ ಕಣ್ಣಲ್ಲಿ ಅಪರಾಧ. ಆ ನಾಲ್ಕು ದಿನಗಳಲ್ಲಿ ಮಗುವಿನ ಊರಿನ ಠಾಣೆಯಲ್ಲಿ ನಾಪತ್ತೆ ದೂರು ದಾಖಲಾಗಿ, ತಾಯಿ ಊರೂರು ಅಲೆಯುತ್ತಿರಬಹುದು.

ಸಮಿತಿಯ ಮುಂದೆ ಮಗು ಹೇಳುವ ಮೊದಲ ಹೇಳಿಕೆಯ ಮೇಲೆ ಮುಂದಿನದೆಲ್ಲ ನಿಂತಿದೆ. ಆ ಹೇಳಿಕೆ ಹೆಚ್ಚಾಗಿ ಮಲಯಾಳದಲ್ಲಿ ದಾಖಲಾಗುತ್ತದೆ. ಉತ್ತರ ಕರ್ನಾಟಕದ ಮಗುವಿನ ಮಾತನ್ನು ಇಲ್ಲಿಯ ಕನ್ನಡಿಗರೇ ಒಂದೇ ಸಲಕ್ಕೆ ಹಿಡಿಯುವುದು ಕಷ್ಟ, ಅದು ಇನ್ನೊಂದು ಭಾಷೆಗೆ ದಾಟುವಾಗ ಊರಿನ ಹೆಸರೇ ಕಳೆದುಹೋಗುತ್ತದೆ. ಕೊಪ್ಪಳ ಎಂದದ್ದು ಕೊಪ್ಪ ಎಂದು ದಾಖಲಾದರೆ ಪತ್ರ ಚಿಕ್ಕಮಗಳೂರು ಜಿಲ್ಲೆಗೆ ಹೋಗಿ ಅಲ್ಲೇ ಮಲಗುತ್ತದೆ. ಇದಕ್ಕೆ ಇರುವ ಪರಿಹಾರ ಸಣ್ಣದು. ಕನ್ನಡ ಬಲ್ಲ ಒಬ್ಬರು ಜತೆಗೆ ಕುಳಿತುಕೊಳ್ಳಬೇಕು. ಊರು, ತಾಲ್ಲೂಕು, ತಾಯಿಯ ಹೆಸರು, ಶಾಲೆಯ ಹೆಸರು, ಈ ನಾಲ್ಕನ್ನೂ ಮಲಯಾಳದ ಪಕ್ಕದಲ್ಲಿ ಕನ್ನಡ ಅಕ್ಷರಗಳಲ್ಲೂ ಬರೆಸಬೇಕು. ಬರೆದುಕೊಡಿ ಎಂದು ಕೇಳಿದರೆ ಬೇಡ ಎಂದವರನ್ನು ನಾವು ಕಂಡಿಲ್ಲ. ಕೇಳುವವರೇ ಇರುವುದಿಲ್ಲ, ಅಷ್ಟೆ.

‘ನಿನ್ನ ತಾಲ್ಲೂಕು ಯಾವುದು?’ ಎಂದು ಕೇಳಿದರೆ ಹತ್ತು ವರ್ಷದ ಮಗು ಸುಮ್ಮನಾಗುತ್ತದೆ. ತಾಲ್ಲೂಕು ದೊಡ್ಡವರ ಲೆಕ್ಕ. ಮಗುವಿನ ತಲೆಯಲ್ಲಿರುವ ಭೂಪಟವೇ ಬೇರೆ. ಸಂತೆ ಎಲ್ಲಿ, ಯಾವ ವಾರ ಎಂದು ಕೇಳಬೇಕು. ‘ನಮ್ಮೂರಾಗ ಸಂತಿ ಇಲ್ರಿ, ಬಾಜೂ ಊರಿಗೆ ಹೋಗ್ತೀವ್ರಿ, ಸೋಮವಾರ’ ಎಂಬ ಉತ್ತರ ಬಂದರೆ ಅರ್ಧ ಕೆಲಸ ಆದಂತೆ. ಆಮೇಲೆ ಜಾತ್ರೆ. ಗವಿಮಠದ ಜಾತ್ರೆ ಎಂದರೆ ಕೊಪ್ಪಳ, ಬನಶಂಕರಿ ಜಾತ್ರೆ ಎಂದರೆ ಬಾದಾಮಿಯ ಸುತ್ತು, ಹುಲಿಗೆಮ್ಮ ಎಂದರೆ ತುಂಗಭದ್ರೆಯ ದಂಡೆ. ಹೊಲದಲ್ಲಿ ಏನು ಬೆಳೆಯುತ್ತಾರೆ, ದ್ರಾಕ್ಷಿಯೋ ಮೆಣಸಿನಕಾಯಿಯೋ ಭತ್ತವೋ. ಅಜ್ಜಿಯ ಊರಿಗೆ ಹೋಗಲು ಎಲ್ಲಿ ಬಸ್ಸು ಬದಲಿಸುತ್ತೀರಿ. ಶಾಲೆಯಲ್ಲಿ ಯಾವ ಮಾಸ್ತರರು ಇದ್ದರು, ಅಕ್ಕೋರ ಹೆಸರೇನು. ಮಗು ತಂದೆಯ ಪೂರ್ತಿ ಹೆಸರನ್ನು ಮರೆತಿರಬಹುದು, ತನಗೆ ಹೊಡೆದ ಮಾಸ್ತರರ ಹೆಸರನ್ನೋ ಪ್ರೀತಿಯಿಂದ ಕಂಡ ಅಕ್ಕೋರ ಹೆಸರನ್ನೋ ಮರೆತಿರುವುದಿಲ್ಲ. ಸಂತೆ, ಜಾತ್ರೆ, ಬಸ್ಸು, ಮಾಸ್ತರರು ಈ ನಾಲ್ಕೂ ಸೇರಿದರೆ ಊರು ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಒಂದೇ ದಿನ ಎಲ್ಲವನ್ನೂ ಕೇಳಬಾರದು. ಮೊದಲ ದಿನ ಊಟ, ಸ್ನಾನ, ನಿದ್ದೆ. ಪ್ರಶ್ನೆಗಳು ಎರಡನೆಯ ದಿನದಿಂದ, ಸಾಧ್ಯವಾದರೆ ಏನಾದರೂ ಕೆಲಸ ಮಾಡುತ್ತಾ. ಹುಣಸೆಹಣ್ಣು ಬಿಡಿಸುತ್ತಾ ಕುಳಿತ ಮಗು ಮೇಜಿನ ಆಚೆ ನಿಲ್ಲಿಸಿದ ಮಗುವಿಗಿಂತ ಹೆಚ್ಚು ಮಾತನಾಡುತ್ತದೆ.

ಸಮಿತಿ ಮಗುವನ್ನು ಮಕ್ಕಳ ಮನೆಯಲ್ಲಿ ಇರಿಸಿ ಸಾಮಾಜಿಕ ತನಿಖಾ ವರದಿ ಕೇಳುತ್ತದೆ. ಅದಕ್ಕೆ 15 ದಿನ. ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳ ಒಳಗೆ ಅಂತಿಮ ಆದೇಶ ಆಗಬೇಕು. ಊರು ಕರ್ನಾಟಕದಲ್ಲಿದ್ದರೆ ಅಲ್ಲಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಮನೆಯ ವರದಿ ಬರಬೇಕು, ರಾಜ್ಯದಿಂದ ರಾಜ್ಯಕ್ಕೆ ಕಾಗದ ಓಡಾಡುವಾಗ ದಿನಗಳು ಹೋಗುತ್ತವೆ. ನಾವು ಕಂಡ ಅತಿ ದೊಡ್ಡ ತಪ್ಪು ಆಗುವುದು ಈ ಹಂತದಲ್ಲಿ. ‘ಹೇಗೂ ಊರಿಗೆ ಹೋಗುವ ಮಗು, ವರದಿ ಬರಲಿ, ಆಮೇಲೆ ಶಾಲೆಯ ವಿಷಯ ನೋಡೋಣ’ ಎನ್ನುತ್ತಾರೆ. ಎರಡು ವಾರ ಎಂದುಕೊಂಡದ್ದು ಮೂರು ತಿಂಗಳಾಗುತ್ತದೆ. ಮಕ್ಕಳ ಮನೆಯ ಉಳಿದ ಮಕ್ಕಳೆಲ್ಲ ಬೆಳಿಗ್ಗೆ ಚೀಲ ಹಾಕಿಕೊಂಡು ಹೊರಟ ಮೇಲೆ ಖಾಲಿ ಕೋಣೆಯಲ್ಲಿ ಒಂದು ಮಗು ಟಿವಿ ನೋಡುತ್ತಾ ಉಳಿಯುತ್ತದೆ. ಓಡಿಹೋಗುವ ಯೋಚನೆ ಹುಟ್ಟುವುದು ಅಂಥ ಹಗಲುಗಳಲ್ಲಿ. ಹದಿನೈದು ದಿನಕ್ಕೆ ಊರಿಗೆ ಹೋಗುವ ಮಗುವಾದರೂ ಸರಿ, ಮೊದಲ ವಾರದಲ್ಲೇ ಶಾಲೆಗೆ ಹೋಗಲಿ. ಸಮಿತಿಯ ಆದೇಶದಲ್ಲೇ ‘ಹತ್ತಿರದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸತಕ್ಕದ್ದು’ ಎಂಬ ಒಂದು ಸಾಲು ಬರೆಸಿಕೊಂಡರೆ ಆಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಎಷ್ಟನೆಯ ತರಗತಿ ಎಂಬುದನ್ನು ನಿರ್ಧರಿಸುವುದು ವಯಸ್ಸು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಪ್ರಕಾರ, ಶಾಲೆಯನ್ನೇ ಕಾಣದ ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹನ್ನೆರಡು ವರ್ಷದ ಹುಡುಗನಿಗೆ ಓದಲು ಬರುವುದಿಲ್ಲವೆಂದು ಎರಡನೆಯ ತರಗತಿಯ ಪುಟ್ಟ ಬೆಂಚಿನಲ್ಲಿ ಕೂರಿಸುವುದು ತಪ್ಪು. ಅವನ ಮೊಣಕಾಲು ಮೇಜಿಗೆ ತಾಗುತ್ತದೆ, ಒಂದು ವಾರದಲ್ಲಿ ಹೊಟ್ಟೆನೋವು ಶುರುವಾಗುತ್ತದೆ.

ಆದರೆ ವಯಸ್ಸು ಗೊತ್ತಾಗುವುದು ಹೇಗೆ? ಮೇಸ್ತ್ರಿ ‘ಯಾರು ಕೇಳಿದರೂ ಹದಿನೆಂಟು ಅನ್ನು’ ಎಂದು ಕಲಿಸಿರುತ್ತಾನೆ. ಆಧಾರ್ ಇದ್ದರೂ ಅದರಲ್ಲಿ ಜನವರಿ 1 ಎಂದಿದ್ದರೆ ಅದು ಅಂದಾಜಿನ ದಿನಾಂಕ ಎಂದೇ ತಿಳಿಯಬೇಕು. ಬಾಲನ್ಯಾಯ ಕಾಯ್ದೆಯ 94ನೆಯ ಸೆಕ್ಷನ್ ಪ್ರಕಾರ ಅನುಮಾನವಿದ್ದಲ್ಲಿ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯಾಡಳಿತ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಆ ಪರೀಕ್ಷೆ ಹೇಳುವುದೂ ಒಂದು ಅಂದಾಜನ್ನೇ. ಆದ್ದರಿಂದ ಹಳೆಯ ಶಾಲೆಯ ಮುಖ್ಯ ಗುರುಗಳಿಗೆ ಒಂದು ಫೋನು ಮಾಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಕರ್ನಾಟಕದ ಶಾಲೆಗೆ ಒಂದು ದಿನ ಹೋಗಿದ್ದರೂ ಮಗುವಿಗೆ ಎಸ್‌ಎಟಿಎಸ್ (ಅಲ್ಲಿಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶ) ಸಂಖ್ಯೆ ಇರುವ ಸಂಭವ ಹೆಚ್ಚು. ಅದು ಸಿಕ್ಕರೆ ಜನ್ಮ ದಿನಾಂಕ, ತಾಯಿಯ ಹೆಸರು, ಕೊನೆಗೆ ಓದಿದ ತರಗತಿ ಒಟ್ಟಿಗೇ ಸಿಗುತ್ತವೆ.

ಇನ್ನೊಂದು ತೊಡಕು ಎರಡು ರಾಜ್ಯಗಳ ಲೆಕ್ಕದ್ದು. ಕೇರಳದಲ್ಲಿ ಐದು ತುಂಬಿದ ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ರೂಢಿ ಬಹುಕಾಲ ನಡೆದು ಬಂದಿದೆ. ಕರ್ನಾಟಕದಲ್ಲಿ ಐದೂವರೆ, ಆರು. ಹಾಗಾಗಿ ವಯಸ್ಸು ನೋಡಿ ಸೇರಿಸಿದರೆ ಮಗು ಊರಿನಲ್ಲಿದ್ದುದಕ್ಕಿಂತ ಒಂದು ತರಗತಿ ಮೇಲೆ ಬೀಳುತ್ತದೆ. ಶಾಲೆಗಳ ರಚನೆಯೂ ಬೇರೆ. ಇಲ್ಲಿ ನಾಲ್ಕರವರೆಗೆ ಎಲ್.ಪಿ. (ಕಿರಿಯ ಪ್ರಾಥಮಿಕ), ಐದರಿಂದ ಏಳು ಯು.ಪಿ. (ಹಿರಿಯ ಪ್ರಾಥಮಿಕ), ಎಂಟರಿಂದ ಹೈಸ್ಕೂಲು. ಒಂದರಿಂದ ಏಳರವರೆಗೆ ಒಂದೇ ಶಾಲೆಯಲ್ಲಿ ಕಳೆಯಬಹುದಾಗಿದ್ದ ಮಗು ಇಲ್ಲಿ ನಾಲ್ಕು ಮುಗಿಸಿ ಮತ್ತೆ ಶಾಲೆ ಬದಲಿಸಬೇಕಾಗಬಹುದು. ಈಗ ತಾನೇ ಒಂದು ಜಾಗಕ್ಕೆ ಒಗ್ಗಿದ ಮಗುವಿಗೆ ಅದು ಎರಡನೆಯ ಊರು ಬಿಟ್ಟಂತೆ. ಅದಕ್ಕೇ ಮೂರು, ನಾಲ್ಕನೆಯ ತರಗತಿಯ ಮಕ್ಕಳಿಗೆ ಮೇಲಿನ ತರಗತಿಗಳೂ ಒಂದೇ ಕಂಪೌಂಡಿನಲ್ಲಿರುವ ಶಾಲೆಯನ್ನು ಹುಡುಕುವುದು ಒಳ್ಳೆಯದು.

ಮಾಧ್ಯಮದ ಆಯ್ಕೆಯಲ್ಲಿ ಅವಸರ ಬೇಡ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಸುತ್ತ ಕನ್ನಡ ಶಾಲೆಗಳಿವೆ. ಚಂದ್ರಗಿರಿ ಹೊಳೆಯ ತೆಂಕಣಕ್ಕೆ ಹೋದಷ್ಟೂ ಅವು ವಿರಳ. ಮಗು ಹೊಳೆಯ ತೆಂಕಣದಲ್ಲಿ ಇದ್ದರೆ ನಡೆದು ಹೋಗುವಷ್ಟು ಹತ್ತಿರ ಮಲಯಾಳ ಶಾಲೆ, ಬಸ್ಸಿನಲ್ಲಿ ಹೋಗುವಷ್ಟು ದೂರ ಕನ್ನಡ ಶಾಲೆ. ಹತ್ತಿರದ್ದೇ ಸುಲಭವೆಂದು ಮಲಯಾಳದ ತರಗತಿಗೆ ಸೇರಿಸಿದರೆ ಆರು ವರ್ಷದ ಮಗು ಆರು ತಿಂಗಳಲ್ಲಿ ಮಾತು ಹಿಡಿಯುತ್ತದೆ, ಅದು ನಿಜ. ಹನ್ನೊಂದು ದಾಟಿದ ಮಗುವಿನ ಕಥೆ ಹಾಗಲ್ಲ. ಅದು ಕನ್ನಡದ ಅಕ್ಷರವನ್ನು ಅರ್ಧ ಕಲಿತಿರುತ್ತದೆ, ಮಲಯಾಳದ ಅಕ್ಷರವನ್ನು ಮೊದಲಿಂದ ಕಲಿಯಬೇಕು, ನಾಲ್ಕು ತಿಂಗಳಿಗೆ ಊರಿಗೆ ಹೋದರೆ ಎರಡೂ ಅರ್ಧವೇ. ಹತ್ತು ದಾಟಿದ, ಊರಿಗೆ ಮರಳುವ ಸಾಧ್ಯತೆಯಿರುವ ಮಗುವಿಗೆ ಬಸ್ಸಿನ ದೂರವಿದ್ದರೂ ಕನ್ನಡ ಶಾಲೆಯೇ ಆಗಬೇಕು. ಬಸ್ಸಿಗೆ ಕರೆದುಕೊಂಡು ಹೋಗುವ ವ್ಯಕ್ತಿ ಯಾರು ಎಂಬುದನ್ನು ಆ ದಿನವೇ ತೀರ್ಮಾನಿಸಬೇಕು.

ಪ್ರವೇಶದ ದಿನ ಶಾಲೆಯ ಆಫೀಸಿನಲ್ಲಿ ಏಳುವ ಮೂರು ತಕರಾರುಗಳು ಇವು: ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಇಲ್ಲ. ಟಿ.ಸಿ. ತಡವಾಯಿತೆಂದು ಪ್ರವೇಶ ತಡಮಾಡುವಂತಿಲ್ಲ, ಅದು ಶಿಕ್ಷಣ ಹಕ್ಕು ಕಾಯ್ದೆಯ ಐದನೆಯ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಅದು ಹದಿನಾಲ್ಕನೆಯದು. ಶಾಲೆ ತೆರೆದು ತಿಂಗಳುಗಳಾದವೆಂದು ವಾಪಸು ಕಳಿಸುವಂತಿಲ್ಲ, ಅದು ಹದಿನೈದನೆಯದು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದರೂ ಆಧಾರ್ ಇಲ್ಲದ ಮಗುವನ್ನು ಕಂಡು ಹೆಡ್ ಮಾಸ್ತರರ ಮುಖ ಬಾಡಿದರೆ ಅವರನ್ನು ತಪ್ಪು ತಿಳಿಯಬಾರದು. ಕೇರಳದಲ್ಲಿ ಜೂನಿನಲ್ಲಿ ಶಾಲೆ ತೆರೆದ ಮೇಲಿನ ಆರನೆಯ ಕೆಲಸದ ದಿನದ ತಲೆಲೆಕ್ಕದ ಮೇಲೆ ಆ ವರ್ಷದ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುತ್ತವೆ. ಕೇರಳದ ಶಾಲಾ ಮಕ್ಕಳ ದಾಖಲೆ ಇಡುವ ‘ಸಂಪೂರ್ಣ’ ಎಂಬ ತಂತ್ರಾಂಶದಲ್ಲಿ ಸರಿಯಾದ ಆಧಾರ್ ಸಂಖ್ಯೆಯಿಲ್ಲದ ಮಗುವನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುವ ಬಗ್ಗೆ ವರ್ಷವೂ ಗೊಂದಲ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಡಿವಿಷನ್ನಿಗೆ ಒಂದೊಂದು ಹೆಸರೂ ಒಂದು ಹುದ್ದೆಯ ಉಳಿವಿನ ಪ್ರಶ್ನೆ. ಅದಕ್ಕಾಗಿ ಮೇ ತಿಂಗಳಿನಲ್ಲಿ ಸಿಕ್ಕ ಮಗುವನ್ನು ಆರನೆಯ ದಿನದ ಒಳಗೆ ಸೇರಿಸಿದರೆ ಮಗುವಿಗೂ ಒಳಿತು, ಶಾಲೆಗೂ ಒಳಿತು. ನಡುವರ್ಷ ಸೇರುವ ಮಗುವನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಂಡ ಹೆಡ್ ಮಾಸ್ತರರು ಹಲವರಿದ್ದಾರೆ, ಲೆಕ್ಕದಲ್ಲಿ ಅವರಿಗೆ ಯಾವ ಲಾಭವೂ ಇಲ್ಲದಾಗ.

ಆಧಾರ್ ಮಾಡಿಸಲು ಮಕ್ಕಳ ಮನೆಯ ಅಧೀಕ್ಷಕರ ಪ್ರಮಾಣಪತ್ರ ಸಾಕು. ಅರ್ಜಿ ತಿರಸ್ಕೃತವಾಗಿ ‘ಆಗಲೇ ನೋಂದಣಿಯಾಗಿದೆ’ ಎಂದು ಬಂದರೆ ಬೇಸರಿಸಬೇಕಿಲ್ಲ, ಅದು ಶುಭಸುದ್ದಿ. ಬೆರಳಚ್ಚು ಎಲ್ಲೋ ಒಂದು ಕಡೆ ದಾಖಲಾಗಿದೆ, ಜತೆಗೆ ಮನೆಯ ವಿಳಾಸವೂ ಇದೆ ಎಂದರ್ಥ. ದೇಶದಲ್ಲಿ ಕಳೆದುಹೋದ ಹಲವು ಮಕ್ಕಳ ಮನೆ ಪತ್ತೆಯಾಗಿರುವುದು ಹೀಗೆಯೇ.

ಮೊದಲ ಎರಡು ವಾರಗಳಲ್ಲಿ ಪಾಠಕ್ಕಿಂತ ಮೊದಲು ನೋಡಬೇಕಾದ್ದು ಹೊಟ್ಟೆ, ಬಟ್ಟೆ, ನಿದ್ದೆ. ಜೋಳದ ರೊಟ್ಟಿ ತಿಂದು ಬೆಳೆದ ಮಗುವಿಗೆ ಕುಚ್ಚಲಕ್ಕಿ ಅನ್ನ ಮೊದಲ ವಾರ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಅದನ್ನು ಶಾಲೆಗೆ ಹೋಗದಿರುವ ನೆಪವೆಂದು ಗದರಿಸುವವರುಂಟು. ಕೆಲವು ದಿನ ಬೆಳ್ತಿಗೆ ಅನ್ನವೋ ಚಪಾತಿಯೋ ಕೊಟ್ಟರೆ ನೆಪ ತಾನಾಗಿ ಹೋಗುತ್ತದೆ. ಮಳೆ ಇನ್ನೊಂದು. ಕೊಪ್ಪಳದ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ನಮ್ಮಲ್ಲಿ 3000 ದಾಟುತ್ತದೆ. ವಾರವಿಡೀ ಸೂರ್ಯ ಕಾಣದ ಜೂನ್ ತಿಂಗಳನ್ನು ಆ ಮಗು ಕಂಡೇ ಇರುವುದಿಲ್ಲ. ಎರಡು ಜೊತೆ ಸಮವಸ್ತ್ರ ಒಣಗುವುದಿಲ್ಲ, ಮೂರನೆಯ ಜೊತೆ ಬೇಕು. ಒದ್ದೆ ಅಂಗಿಯಲ್ಲಿ ಕುಳಿತ ಮಗು ಮೂರನೆಯ ದಿನ ಜ್ವರದಲ್ಲಿ ಮಲಗುತ್ತದೆ. ಹೋಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ತಟ್ಟೆ ತೊಳೆದ ಹುಡುಗನ ದೇಹಕ್ಕೆ ನಿದ್ದೆಯ ಹೊತ್ತೇ ಬೇರೆ. ಮಧ್ಯಾಹ್ನದ ಮೊದಲ ಪೀರಿಯಡಿನಲ್ಲಿ ಅವನ ತಲೆ ಬೆಂಚಿಗೆ ತಾಗಿದರೆ ಎಬ್ಬಿಸಿ ನಿಲ್ಲಿಸಬೇಡಿ ಎಂದು ಕ್ಲಾಸ್ ಟೀಚರಿಗೆ ಮೊದಲೇ ಹೇಳಿಡಬೇಕು. ಮೂರು ವಾರದಲ್ಲಿ ಅದು ಸರಿಯಾಗುತ್ತದೆ.

ಕಲಿಕೆಯ ಮಟ್ಟ ನೋಡಲು ದೊಡ್ಡ ಪರೀಕ್ಷೆ ಬೇಕಿಲ್ಲ, ಇಪ್ಪತ್ತು ನಿಮಿಷ ಸಾಕು. ಎರಡನೆಯ ತರಗತಿಯ ಕನ್ನಡ ಪುಸ್ತಕದ ಒಂದು ಪುಟ, ಒಂದು ಬಿಳಿ ಹಾಳೆ. ಶಾಲೆ ಬಿಟ್ಟು ಎರಡು ವರ್ಷವಾದ ಮಗು ಸಾಮಾನ್ಯವಾಗಿ ಅಮ್ಮ, ಅಕ್ಕ ಎಂಬಲ್ಲಿ ನಿಲ್ಲದೆ ಓದುತ್ತದೆ, ‘ಸೂರ್ಯ’ ಬಂದಾಗ ಬೆರಳು ಅರ್ಕಾವತ್ತಿನ ಮೇಲೆ ನಿಲ್ಲುತ್ತದೆ. ಅಲ್ಲಿಂದ ಶುರುಮಾಡಬೇಕು. ಮತ್ತೆ ಅ ಆ ಇ ಈಯಿಂದ ಬರೆಸಿದರೆ ಅದಕ್ಕೆ ಅವಮಾನವಾಗುತ್ತದೆ. ಲೆಕ್ಕದಲ್ಲಿ ಇನ್ನೊಂದು ಚಿತ್ರ ಕಾಣುತ್ತದೆ. ‘ಮೂರು ಚಾ ಹನ್ನೆರಡರಂತೆ, ಎರಡು ವಡೆ ಹತ್ತರಂತೆ, ನೂರು ಕೊಟ್ಟೆ’ ಎಂದು ಮುಗಿಸುವ ಮೊದಲೇ ‘ನಲವತ್ನಾಕು ವಾಪಸ್’ ಎನ್ನುತ್ತಾನೆ ಹುಡುಗ. ಅದೇ 100ರಿಂದ 56 ಕಳೆ ಎಂದು ಹಾಳೆಯಲ್ಲಿ ಬರೆದುಕೊಟ್ಟರೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಒತ್ತಿ ಮೊನೆ ಮುರಿಯುತ್ತಾನೆ, ಉತ್ತರ 156 ಎಂದು ಬರೆಯುತ್ತಾನೆ. ಅವನಿಗೆ ಲೆಕ್ಕ ಬರುತ್ತದೆ. ಲೆಕ್ಕವನ್ನು ಬರೆಯುವ ರೀತಿ ಬರುವುದಿಲ್ಲ. ಬಾಯಿಲೆಕ್ಕವನ್ನು ಅವನಿಂದಲೇ ನಿಧಾನವಾಗಿ ಹೇಳಿಸಿ, ಅವನು ಹೇಳಿದ್ದನ್ನೇ ಸಾಲಾಗಿ ಬರೆದು ತೋರಿಸಿದ ಅಧ್ಯಾಪಕರು ಗೆದ್ದಿದ್ದಾರೆ. ಸೊನ್ನೆಯಿಂದ ಕಲಿಸಲು ಹೋದವರು ಹುಡುಗನನ್ನು ಕಳೆದುಕೊಂಡಿದ್ದಾರೆ.

ವಿಶೇಷ ತರಬೇತಿಗೆ ಬಿ.ಆರ್.ಸಿ.ಯನ್ನು (ಬ್ಲಾಕ್ ಸಂಪನ್ಮೂಲ ಕೇಂದ್ರವನ್ನು) ಕೇಳಬೇಕು, ಬರವಣಿಗೆಯಲ್ಲೇ ಕೇಳಬೇಕು. ಕೇಂದ್ರದ ಮಾದರಿ ನಿಯಮದಂತೆ ಅದು ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ತರಬೇತಿ ಕೊಡುವವರಿಗೆ ಕನ್ನಡ ಬರುತ್ತದೆಯೇ ಎಂಬುದನ್ನು ಅರ್ಜಿಯಲ್ಲೇ ಕೇಳಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದನ್ನು ವಿರೋಧಿಸಿ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಹೋರಾಟಗಳಾಗಿವೆ. ಊರಿನ ಮಕ್ಕಳು ಅಂಥ ತರಗತಿಯಲ್ಲಿ ಹೇಗೋ ಸುಧಾರಿಸುತ್ತವೆ, ಅವಕ್ಕೆ ಮಲಯಾಳ, ತುಳು, ಬ್ಯಾರಿ ಎಲ್ಲ ಕಿವಿಗೆ ಬಿದ್ದ ಭಾಷೆಗಳು. ಘಟ್ಟದಾಚೆಯ ಮಗುವಿಗೆ ಕನ್ನಡವೊಂದೇ ಆಧಾರ. ಆ ಅನ್ಯಾಯದ ಪೂರ್ತಿ ಭಾರ ಬೀಳುವುದು ಅಂಥ ಮಗುವಿನ ಮೇಲೆ, ಅದರ ಪರವಾಗಿ ರಕ್ಷಕರ ಸಭೆಯಲ್ಲಿ ಎದ್ದು ನಿಲ್ಲುವವರೂ ಇಲ್ಲ.

ಹಿಂದಿ ಇಲ್ಲಿ ಐದನೆಯ ತರಗತಿಯಿಂದ, ಕರ್ನಾಟಕದಲ್ಲಿ ಆರರಿಂದ. ಆರಕ್ಕೆ ಸೇರಿದ ಮಗು ಹಿಂದಿಯಲ್ಲಿ ಒಂದು ವರ್ಷ ಹಿಂದೆ ಇರುತ್ತದೆ, ಮಲಯಾಳದಲ್ಲಿ ಪೂರ್ತಿ ಹಿಂದೆ. ಮೊದಲ ಓಣಂ ಪರೀಕ್ಷೆಯಲ್ಲಿ ಈ ಎರಡರ ಅಂಕ ನೋಡಿ ಮಗುವನ್ನು ಅಳೆಯಬಾರದು. ಪಠ್ಯಪುಸ್ತಕಗಳ ಬೇಡಿಕೆ ಹಿಂದಿನ ವರ್ಷವೇ ಹೋಗಿರುವುದರಿಂದ ನಡುವರ್ಷ ಬಂದ ಮಗುವಿಗೆ ಪುಸ್ತಕ ಉಳಿದಿರುವುದಿಲ್ಲ. ಹತ್ತಿರದ ಶಾಲೆಗಳಲ್ಲಿ ಪಠ್ಯಪುಸ್ತಕ ಹಂಚುವ ಸೊಸೈಟಿಗಳಲ್ಲಿ ವಿಚಾರಿಸಿದರೆ ಮಿಕ್ಕ ಪ್ರತಿ ಸಿಗುತ್ತದೆ, ಇಲ್ಲವಾದರೆ ಕಳೆದ ವರ್ಷದ ಮಕ್ಕಳಿಂದ ತರಿಸಬೇಕು. ಹೊಸ ಪಠ್ಯ ಬಂದ ತರಗತಿಯಾದರೆ ಹಳೆಯ ಪುಸ್ತಕ ಉಪಯೋಗಕ್ಕೆ ಬಾರದು, ನೋಡಿಕೊಳ್ಳಬೇಕು.

ಮಾತಿನ ವಿಷಯದಲ್ಲಿ ಒಂದು ಎಚ್ಚರ. ಮಗು ‘ಅಕ್ಕೋರ, ಇವಾ ಹೊಡ್ಯಾಕತ್ತಾನ್ರಿ’ ಎಂದಾಗ ತರಗತಿ ನಗುತ್ತದೆ. ಆ ನಗುವನ್ನು ಟೀಚರ್ ಮೊದಲ ಸಲವೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಮಗು ಮಾತನ್ನೇ ನಿಲ್ಲಿಸುತ್ತದೆ, ಆಮೇಲೆ ‘ಇವನಿಗೆ ಕನ್ನಡವೇ ಬರುವುದಿಲ್ಲ’ ಎಂದು ವರದಿ ಬರುತ್ತದೆ. ಅದೇ ಮಗುವಿನಿಂದ ಅದರ ಊರಿನ ಹತ್ತು ಪದಗಳನ್ನು ಬೋರ್ಡಿನಲ್ಲಿ ಬರೆಸಿದ ಒಂದು ತರಗತಿಯಲ್ಲಿ ಆ ವಾರ ಎಲ್ಲರ ಬಾಯಲ್ಲೂ ‘ಹೌದ್ರಿ’, ‘ಬರ್ರಿ’.

ಈಗ ರಕ್ಷಕರ ಕಾಲಂ. ಕಾನೂನಿನ ಪ್ರಕಾರ ಅಲ್ಲಿ ಮಕ್ಕಳ ಮನೆಯ ಅಧೀಕ್ಷಕರ ಹೆಸರು, ಜತೆಗೆ ಸಮಿತಿಯ ಆದೇಶದ ಪ್ರತಿ. ಆದರೆ ಅಧೀಕ್ಷಕರಿಗೆ ಹತ್ತಾರು ಮಕ್ಕಳು, ವರ್ಗಾವಣೆ ಬೇರೆ. ಪ್ರಗತಿಪತ್ರಗಳ ಕಟ್ಟು ಒಟ್ಟಿಗೆ ಬರುತ್ತದೆ, ಒಟ್ಟಿಗೆ ಸಹಿಯಾಗಿ ಹೋಗುತ್ತದೆ. ಮಗು ಅದನ್ನು ಗಮನಿಸುತ್ತದೆ. ತನ್ನ 32 ಅಂಕವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ ಎಂದು ಅದಕ್ಕೆ ತಿಳಿಯುತ್ತದೆ. ಆದ್ದರಿಂದ ಸಹಿ ಅಧೀಕ್ಷಕರದೇ ಇರಲಿ, ಜತೆಗೆ ಕಾಗದದಲ್ಲಿ ಇನ್ನೊಂದು ಹೆಸರು ಬೇಕು: ಶಾಲೆಯಿಂದ ಫೋನು ಬಂದರೆ ಎತ್ತುವ, ರಕ್ಷಕರ ಸಭೆಗೆ ಬಂದು ಕುಳಿತುಕೊಳ್ಳುವ, ಪ್ರಗತಿಪತ್ರವನ್ನು ಮಗುವಿನ ಜತೆ ಐದು ನಿಮಿಷ ಕುಳಿತು ನೋಡುವ ಒಬ್ಬರದು. ಮಕ್ಕಳ ಮನೆಯ ಕೇಸ್ ವರ್ಕರ್ ಆಗಬಹುದು, ಸಮಿತಿಯ ಒಪ್ಪಿಗೆ ಪಡೆದ ಸ್ವಯಂಸೇವಕರಾಗಬಹುದು. ಮಗುವಿನ ವೈಯಕ್ತಿಕ ಆರೈಕೆ ಯೋಜನೆಯ ಶಿಕ್ಷಣದ ಭಾಗದಲ್ಲಿ ಆ ಹೆಸರು, ಫೋನ್ ಸಂಖ್ಯೆ ಬರೆಸಬೇಕು. ವಾರಕ್ಕೊಬ್ಬರಂತೆ ಬದಲಾಗುವ ನಾಲ್ಕು ಮಂದಿಗಿಂತ ವರ್ಷವಿಡೀ ಇರುವ ಒಬ್ಬರು ಮೇಲು. ಈ ಒಂದು ವ್ಯವಸ್ಥೆ ಇದ್ದ ಮಕ್ಕಳು ಮಾರ್ಚಿನ ಪರೀಕ್ಷೆ ಬರೆದದ್ದನ್ನೂ, ಇಲ್ಲದ ಮಕ್ಕಳು ಕ್ರಿಸ್‌ಮಸ್ ರಜೆಯ ನಂತರ ಬಾರದೇ ಹೋದದ್ದನ್ನೂ ಕಂಡೇ ಈ ಮಾತು.

ಇದರ ಇನ್ನೊಂದು ಮುಖ ಅಪಾಯದ್ದು. ಒಂದು ದಿನ ಗೇಟಿನ ಹತ್ತಿರ ಯಾರೋ ಬಂದು ‘ನಾನು ಇವನ ಮಾವ, ಊರಿಗೆ ಕರಕೊಂಡು ಹೋಗ್ತೀನಿ’ ಎನ್ನಬಹುದು. ಮಗು ಗುರುತು ಹಿಡಿಯುತ್ತದೆ, ಮಾವ ಎಂದೇ ಕರೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಊರಿನವರೆಲ್ಲ ಮಾವ, ಕಾಕಾ. ಆ ಮಾವ ಮೇಸ್ತ್ರಿಯೂ ಆಗಿರಬಹುದು. ಸಮಿತಿಯ ಲಿಖಿತ ಆದೇಶವಿಲ್ಲದೆ ತಾಯಿಯೇ ಬಂದರೂ ಶಾಲೆಯಿಂದ ಮಗುವನ್ನು ಕಳಿಸುವಂತಿಲ್ಲ. ತಾಯಿಯನ್ನು ಕೂರಿಸಿ, ನೀರು ಕೊಟ್ಟು, ಮಕ್ಕಳ ಮನೆಗೆ ಫೋನು ಮಾಡಬೇಕು. ಗೇಟಿನಲ್ಲಿ ಇರುವವರಿಗೂ ಬಿಸಿಯೂಟದ ಅಕ್ಕನಿಗೂ ಇದು ಗೊತ್ತಿರಬೇಕು, ಏಕೆಂದರೆ ಬರುವವರು ಆಫೀಸಿಗೆ ಬರುವುದಿಲ್ಲ.

ಮುಂಗಡದ ಮಾತನ್ನು ಯಾರೂ ಶಾಲೆಯ ವಿಷಯವೆಂದು ತಿಳಿಯುವುದಿಲ್ಲ. ಅಪ್ಪ ಮೇಸ್ತ್ರಿಯಿಂದ ಹಣ ಪಡೆದಿರುತ್ತಾನೆ, ಅದು ತೀರಲು ತಾನು ದುಡಿಯಬೇಕೆಂದು ಮಗು ನಂಬಿರುತ್ತದೆ. ಆ ನಂಬಿಕೆ ಇರುವವರೆಗೆ ಅದು ತರಗತಿಯಲ್ಲಿ ಕುಳಿತು ದಿನಗೂಲಿ ಎಣಿಸುತ್ತದೆ. 14 ತುಂಬದ ಮಗುವನ್ನು ಕೆಲಸಕ್ಕಿಟ್ಟರೆ 2016ರ ತಿದ್ದುಪಡಿಯಂತೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಬಾಕಿ ಕೂಲಿಯನ್ನು ಕೇಳಿ ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿಸಬಹುದು. ಇದನ್ನು ಮಗುವಿಗೆ ಅರ್ಥವಾಗುವಂತೆ ಕಾರ್ಮಿಕ ಇಲಾಖೆಯವರೋ ಸಮಿತಿಯವರೋ ಹೇಳಬೇಕು: ಸಾಲ ನಿನ್ನದಲ್ಲ. ಪಾಸ್‌ಬುಕ್ಕಿನ ಮೇಲೆ ತನ್ನ ಹೆಸರು ಓದಲೆಂದೇ ಅಕ್ಷರ ಕಲಿತ ಮಕ್ಕಳಿದ್ದಾರೆ.

ತಾಯಿಯ ಫೋನಿಗೂ ಹೊತ್ತು ಗೊತ್ತುಮಾಡಬೇಕು. ಮನೆ ಪತ್ತೆಯಾದ ಮೇಲೆ ವಾರಕ್ಕೆ ಒಂದು ದಿನ, ಸಂಜೆ, ಒಂದೇ ಸಮಯಕ್ಕೆ. ಪರೀಕ್ಷೆಯ ಬೆಳಿಗ್ಗೆ ಬರುವ ಫೋನು ಆ ದಿನವನ್ನು ಮುಗಿಸಿಬಿಡುತ್ತದೆ. ಅಕ್ಟೋಬರಿನಲ್ಲಿ ಮಗು ತಾನಾಗಿ ಮಂಕಾಗುತ್ತದೆ. ಊರಿನಲ್ಲಿ ದಸರೆಯ ಉದ್ದ ರಜೆ, ಇಲ್ಲಿ ಒಂದೆರಡು ದಿನ ಮಾತ್ರ. ಇದನ್ನು ಮೊದಲೇ ಹೇಳಿಟ್ಟಿದ್ದರೆ ಕಾಯುವುದಿಲ್ಲ.

ಬ್ಯಾಗು, ಕೊಡೆ ಕೊಡುವ ಸಂಘದವರು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಯವಾಗಿ, ಆದರೆ ಖಚಿತವಾಗಿ ತಡೆಯಬೇಕು. ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ಪ್ರಕಾರ ಅಪರಾಧ. ಅಸೆಂಬ್ಲಿಯಲ್ಲಿ ‘ಮಕ್ಕಳ ಮನೆಯವರು ಎದ್ದು ನಿಲ್ಲಿ’ ಎನ್ನುವುದೂ ಬೇಡ.

ಹದಿನಾಲ್ಕು ದಾಟಿದವರ ದಾರಿ ಕಡಿದು. ಶಿಕ್ಷಣ ಹಕ್ಕು ಕಾಯ್ದೆ ಅಲ್ಲಿಗೆ ಮುಗಿಯುತ್ತದೆ, ಬಿಸಿಯೂಟ ಎಂಟಕ್ಕೆ ಮುಗಿಯುತ್ತದೆ, ಒಂಬತ್ತರಿಂದ ಟಿ.ಸಿ. ಕೇಳುತ್ತಾರೆ. ಎಸ್ಸೆಸ್ಸೆಲ್ಸಿಗೆ ಹೆಸರು, ಜನ್ಮ ದಿನಾಂಕ ಹೋಗುವುದು ಸಂಪೂರ್ಣದ ದಾಖಲೆಯಿಂದ. ಕರ್ನಾಟಕದ ದಾಖಲೆಯ ಅಡ್ಡಹೆಸರು ಇಲ್ಲಿ ಇನಿಷಿಯಲ್ ಆಗಿ, ಆಧಾರಿನಲ್ಲಿ ಇನ್ನೊಂದಾಗಿ ಇದ್ದರೆ ಎಂಟನೆಯ ತರಗತಿಯಲ್ಲೇ ಸರಿಪಡಿಸಬೇಕು.

ದೇಶದ ಗಡಿ ದಾಟಿ ಬಂದ ನಿರಾಶ್ರಿತ ಮಗು ನಮ್ಮಲ್ಲಿ ಅಪರೂಪ. ಬಂದರೂ ದಾರಿ ಇದೇ. ಬಾಲನ್ಯಾಯ ಕಾಯ್ದೆಯಲ್ಲಿ ಮಗು ಎಂದರೆ 18 ತುಂಬದ ವ್ಯಕ್ತಿ, ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14ರ ಪ್ರತಿಯೊಂದು ಮಗು. ಎರಡರಲ್ಲೂ ಪೌರತ್ವದ ಷರತ್ತು ಇಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ಆದರೆ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 22ನೆಯ ವಿಧಿ ಒಂಟಿಯಾಗಿ ಬಂದ ನಿರಾಶ್ರಿತ ಮಗುವಿನ ಬಗ್ಗೆಯೇ ಇದೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರೋಹಿಂಗ್ಯಾ ಮಕ್ಕಳು ಸರಕಾರಿ ಶಾಲೆಗೆ ಪ್ರವೇಶ ಕೇಳಬಹುದು, ಸಿಗದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದಿದೆ. ಬದಲಾಗುವುದು ಮನೆ ಹುಡುಕುವ ರೀತಿ ಮಾತ್ರ. ಹೆದರಿ ಓಡಿಬಂದ ಮಗುವಿನ ಹೆಸರನ್ನು ಅದರ ದೇಶದ ರಾಯಭಾರ ಕಚೇರಿಗೆ ಕಳಿಸುವ ಮುನ್ನ ಸಮಿತಿ ಕಾನೂನು ಬಲ್ಲವರನ್ನು ಕೇಳಲೇಬೇಕು.

ಮನೆ ಸಿಕ್ಕಿ ಆದೇಶ ಬಂದ ದಿನ ಎಲ್ಲರಿಗೂ ಅವಸರ. ಅಂದೇ ರಾತ್ರಿಯ ರೈಲು ಎನ್ನುತ್ತಾರೆ. ಶಾಲೆಗೆ ಒಂದು ಕೆಲಸದ ದಿನ ಬೇಕು. ಟಿ.ಸಿ., ಹಾಜರಾತಿಯ ವಿವರ, ಪರೀಕ್ಷೆಗಳ ಅಂಕ, ವಿಶೇಷ ತರಬೇತಿ ಎಲ್ಲಿಗೆ ತಲುಪಿದೆ ಎಂಬ ಅರ್ಧ ಪುಟದ ಕನ್ನಡದ ಟಿಪ್ಪಣಿ, ಬ್ಯಾಂಕ್ ಪಾಸ್‌ಬುಕ್ಕು, ಇವೆಲ್ಲ ಒಂದು ಫೈಲಿನಲ್ಲಿ ಮಗುವಿನ ಜತೆಗೇ ಹೋಗಬೇಕು. ಯುಡೈಸ್ (ದೇಶದ ಎಲ್ಲ ಶಾಲೆಗಳ ಮಕ್ಕಳ ಮಾಹಿತಿ ಇರುವ ವ್ಯವಸ್ಥೆ) ದಾಖಲೆಯಲ್ಲಿ ಇಲ್ಲಿಯ ಶಾಲೆ ಹೆಸರನ್ನು ಬಿಡುಗಡೆ ಮಾಡದಿದ್ದರೆ ಅಲ್ಲಿಯ ಶಾಲೆಗೆ ಸೇರಿಸಿಕೊಳ್ಳಲು ಆಗುವುದಿಲ್ಲ. ಇದು ಮರೆತುಹೋಗಿ ಊರು ಸೇರಿದ ಮಗು ಶಾಲೆಯ ಹೊರಗೇ ಉಳಿದದ್ದುಂಟು. ನೋಟುಪುಸ್ತಕಗಳನ್ನೂ ಕಟ್ಟಿಕೊಡಬೇಕು. ಮಗುವಿಗೆ ಅದು ಬೇಕು. ಅಲ್ಲಿಯ ಮಾಸ್ತರರಿಗೂ ಟಿ.ಸಿ.ಗಿಂತ ಅದರಿಂದಲೇ ಹೆಚ್ಚು ಗೊತ್ತಾಗುತ್ತದೆ. ಒಂದು ತಿಂಗಳು ಬಿಟ್ಟು ಆ ಊರಿನ ಶಾಲೆಗೆ ಫೋನು ಮಾಡಬೇಕು. ಚೆನ್ನಾಗಿದ್ದಾನೆಯೇ ಎಂದು ಕೇಳಿದರೆ ಹೌದೆನ್ನುತ್ತಾರೆ. ಹೋದ ವಾರ ಎಷ್ಟು ದಿನ ಬಂದಿದ್ದಾನೆ, ಕಾರ್ಡಿಗೆ ಯಾರು ಸಹಿ ಹಾಕಿದರು ಎಂದು ಕೇಳಬೇಕು.